ಬೋಗಾದಿಯ ನೀರು, ಅಕ್ಕನ ಕೈ

ಮೈಸೂರಿಗೆ ಬಂದ ಮರುದಿನ ಬೆಳಿಗ್ಗೆ ನಾನು ಬೇರೆಯವರ ನಲ್ಲಿಯನ್ನು ಓಡಿಹೋಗಿ ಬಂದ್ ಮಾಡಿದೆ. ಬೋಗಾದಿಯ ಬಾಡಿಗೆ ಮನೆಯಲ್ಲಿ ಇನ್ನೂ ಗಂಟುಮೂಟೆ ಬಿಚ್ಚಿರಲಿಲ್ಲ. ಮಹಡಿಯ ಮೇಲೆ ನಾವು, ಕೆಳಗೆ ಮನೆಯ ಒಡತಿ ಮಹದೇವಮ್ಮ. ನೀರು ಸುರಿಯುವ ಸದ್ದಿಗೆ ಎಚ್ಚರವಾಗಿ ಹೊರಗೆ ಬಂದು ನೋಡಿದರೆ ಅವರು ಗೇಟಿನ ಮುಂದೆ ಪೈಪು ಹಿಡಿದು ರಸ್ತೆ ತೊಳೆಯುತ್ತಿದ್ದರು. ಅಂಗಳವನ್ನಲ್ಲ, ರಸ್ತೆಯನ್ನು. ಡಾಂಬರು ತೊಯ್ದು ಕಪ್ಪಗೆ ಹೊಳೆಯುತ್ತಿತ್ತು, ನೀರು ಮೋರಿಯ ಕಡೆಗೆ ಹರಿಯುತ್ತಿತ್ತು. ರಂಗೋಲಿ ಡಬ್ಬಿ ತರಲೆಂದು ಅವರು ಪೈಪನ್ನು ಹಾಗೇ ನೆಲಕ್ಕೆ ಬಿಟ್ಟು ಒಳಗೆ ಹೋದರು. ಬರಿಗಾಲಲ್ಲೇ ಮೆಟ್ಟಿಲಿಳಿದು ಓಡಿ ನಲ್ಲಿ ತಿರುಗಿಸಿ, ಅದರ ಪಕ್ಕದಲ್ಲೇ ಕಾವಲಿನವಳಂತೆ ನಿಂತೆ.

ಡಬ್ಬಿ ಹಿಡಿದು ಬಂದ ಮಹದೇವಮ್ಮ, “ಯಾಕ್ರೀ, ಏನಾಯ್ತು?” ಎಂದರು.

“ನೀರ ಹೊಂಟಿದ್ವುರಿ” ಎಂದೆ.

ಅವರಿಗೆ ಅರ್ಥವಾಗಲು ಸ್ವಲ್ಪ ಹೊತ್ತು ಬೇಕಾಯಿತು. ಆಮೇಲೆ ನಕ್ಕು, “ಹೋಗ್ಲಿ ಬುಡಿ” ಎಂದರು. ಬುಡಿ ಎಂದರೆ ಬಿಡಿ. ಈ ಊರಿನಲ್ಲಿ ನಾನು ಕಲಿತ ಮೊದಲ ಮಾತು ಅದು.

ಉತ್ತರ ಕರ್ನಾಟಕದ ನಮ್ಮ ಕಡೆಯ ಓದುಗರಿಗೆ ನನ್ನ ಗಾಬರಿಯನ್ನು ವಿವರಿಸಬೇಕಾಗಿಲ್ಲ. ಕೃಷ್ಣೆ ಅಷ್ಟು ಹತ್ತಿರದಲ್ಲಿ ಹರಿದರೂ ನಮ್ಮೂರ ನಳಕ್ಕೆ ನೀರು ಬರುವುದು ವಾರಕ್ಕೊಮ್ಮೆ, ಅದೂ ಹೇಳಿದ ಹೊತ್ತಿಗಲ್ಲ. ಬಂದಾಗ ಮದುವೆ ಮನೆಯಂತೆ ಓಣಿಯೆಲ್ಲ ಎದ್ದು ಓಡಾಡುತ್ತದೆ. ಕೊಡ, ಬ್ಯಾರಲ್ಲು, ಹಂಡೆ, ಕೊನೆಗೆ ಚರಿಗೆ, ವಾಟಗದಂಥ ಚಿಕ್ಕ ಪಾತ್ರೆಗಳನ್ನೂ ತುಂಬಿಸಿಡುತ್ತೇವೆ. ನಾವು ನೀರನ್ನು ಕರೆಯುವುದೂ ಬಹುವಚನದಲ್ಲಿ. ‘ನೀರ ಬಂದಾವ’ ಎನ್ನುತ್ತೇವೆ, ಬೀಗರು ಬಂದರು ಎಂಬಂತೆ. ಇಲ್ಲಿಯವರಿಗೆ ‘ನೀರು ಬಂತು’, ಅಷ್ಟೇ. ನಾನು ಮೈಸೂರಿನ ಶಾಲೆಯೊಂದರಲ್ಲಿ ಕನ್ನಡ ಕಲಿಸುವ ಕೆಲಸಕ್ಕೆ ಸೇರಿದಾಗ, ಒಂದು ಪಾಠದ ನಡುವೆ ‘ನಳ’ ಎಂದದ್ದಕ್ಕೆ ಮಕ್ಕಳು ಬೆಂಚಿನ ಕೆಳಗೆ ತಲೆ ತೂರಿಸಿ ನಕ್ಕರು. ಒಂದು ಮಗು ಎದ್ದು ನಿಂತು, ಅದು ನಲ್ಲಿ ಮಿಸ್ ಎಂದು ನನ್ನನ್ನು ತಿದ್ದಿತು. ಕನ್ನಡ ಕಲಿಸಲು ಬಂದವಳು ಕನ್ನಡ ಕಲಿಯತೊಡಗಿದೆ. ಕೊಡ ಬಿಂದಿಗೆಯಾಯಿತು, ಹಣಿಗಿ ಬಾಚಣಿಗೆಯಾಯಿತು. ಶಾಲೆಯ ಗೇಟು ದಾಟಿದ ಮೇಲೆ ನನ್ನ ಮಾತನ್ನು ಮತ್ತೆ ಹಾಕಿಕೊಳ್ಳುತ್ತಿದ್ದೆ, ಮನೆಗೆ ಬಂದು ಸೀರೆ ಬದಲಿಸುವ ಹಾಗೆ.

ನಾವು ಇಲ್ಲಿಗೆ ಬಂದದ್ದು ನನ್ನ ಗಂಡ ಶಿವಾನಂದರಿಗೆ ಹೂಟಗಳ್ಳಿಯ ಕಾರ್ಖಾನೆಯೊಂದರಲ್ಲಿ ಕೆಲಸ ಸಿಕ್ಕಿದ್ದರಿಂದ. ಹೂಟಗಳ್ಳಿಯ ಹತ್ತಿರವೇ ಮನೆ ಹುಡುಕಿ, ಸಿಗದೆ, ಬೋಗಾದಿಗೆ ಬಂದೆವು. ಹೋದಲ್ಲೆಲ್ಲ ಯಾವ ಕಡೆಯವರು, ಎಷ್ಟು ಜನ, ಊರಿಂದ ನೆಂಟರು ತುಂಬ ಬರುತ್ತಾರಾ ಎಂದು ಕೇಳುತ್ತಿದ್ದರು. ಮಹದೇವಮ್ಮ ಮಾತ್ರ, ಮೇಲೆ ಬಿಸಿಲು ಜಾಸ್ತಿ, ತಡೆದುಕೊಳ್ಳುತ್ತೀರಾ ಎಂದು ಕೇಳಿದರು. ನಾವಿಬ್ಬರೂ ನಕ್ಕೆವು. ನಮ್ಮ ಬಿಸಿಲನ್ನು ಅವರು ಕಂಡಿರಲಿಲ್ಲ. ಅವರ ಯಜಮಾನರದು ದೇವರಾಜ ಮೊಹಲ್ಲಾದಲ್ಲಿ ಗ್ರಂಧಿಗೆ ಅಂಗಡಿ. ಪೂಜೆ ಸಾಮಾನು, ನಾರು ಬೇರು ಮಾರುವ ಅಂಗಡಿಗೆ ಇಲ್ಲಿ ಹಾಗನ್ನುತ್ತಾರೆ. ಸಂಜೆ ಅವರು ಮನೆಗೆ ಬಂದರೆ ಮೆಟ್ಟಿಲ ತನಕ ಸಾಂಬ್ರಾಣಿ ವಾಸನೆ ಬರುತ್ತಿತ್ತು.

ಊಟದ್ದೇ ಒಂದು ಕಥೆ. ಬೋಗಾದಿಯ ಗಿರಣಿಯಲ್ಲಿ ದಿನವಿಡೀ ರಾಗಿ ಬೀಸುತ್ತಾರೆ. ಅದರ ಬೆನ್ನಿಗೆ ನಮ್ಮ ಜೋಳ ಹಾಕಿಸಿದರೆ ಹಿಟ್ಟು ಕಂದು ಬಣ್ಣಕ್ಕೆ ತಿರುಗಿ ಬರುತ್ತಿತ್ತು. ಅದರ ರೊಟ್ಟಿ ಬಡಿದರೆ ಅಂಚು ಒಡೆಯುತ್ತಿತ್ತು. ಮೊದಲ ಸಲ ನಾನು ಅತ್ತದ್ದು ಆ ರೊಟ್ಟಿಗೆ. ಒಂದು ಭಾನುವಾರ ಮಾರ್ಕೆಟ್ಟಿನಲ್ಲಿ ಹೂವಿನವನ ಹತ್ತಿರ ಚೌಕಾಸಿ ಮಾಡಿದಾಗ, ಅವನು ನನ್ನನ್ನು ಈ ಊರಿನವಳೆಂದೇ ತಿಳಿದು ಒಂದು ಗೇಣು ಮಲ್ಲಿಗೆ ಹೆಚ್ಚಿಗೆ ಕೊಟ್ಟ. ಆ ಖುಷಿಯಲ್ಲಿ ಬಸ್ಸು ಹತ್ತದೆ ಅರ್ಧ ದಾರಿ ನಡೆದೇ ಬಂದೆ.

ಅಕ್ಕ ಬಂದದ್ದು ಎರಡನೆಯ ವರ್ಷ.

ನನ್ನ ಅಕ್ಕ ನೀಲವ್ವನನ್ನು ನಮ್ಮೂರಲ್ಲೇ ಎರಡು ಓಣಿಯಾಚೆ ಕೊಟ್ಟಿದ್ದರು. ನಮ್ಮವ್ವ ಬೇಗ ತೀರಿಕೊಂಡಿದ್ದರಿಂದ ನನ್ನ ಜಡೆ ಹೆಣೆದವಳು, ನನಗೆ ಅಕ್ಷರ ತಿದ್ದಿಸಿದವಳು ಅವಳೇ. ಅವಳಿಗೆ ತುಂಬ ತಡವಾಗಿ ಒಂದು ಹೆಣ್ಣುಮಗು ಆಯಿತು, ಗೌರಿ. ಆ ವರ್ಷ ಮಳೆಗಾಲದ ಆರಂಭದಲ್ಲಿ ನಮ್ಮೂರಲ್ಲಿ ನಳದ ಪೈಪು ಎಲ್ಲೋ ಒಡೆದು ಗಟಾರದ ನೀರು ಸೇರಿ, ಓಣಿಯ ಬಹಳ ಜನರಿಗೆ ವಾಂತಿ ಭೇದಿ ಹತ್ತಿತು. ಎಲ್ಲರೂ ಚೇತರಿಸಿಕೊಂಡರು. ಗೌರಿ ಚೇತರಿಸಿಕೊಳ್ಳಲಿಲ್ಲ. ಶಾಲೆಗೆ ಸೇರಿ ಇನ್ನೂ ಒಂದು ವರ್ಷವಾಗಿರಲಿಲ್ಲ ಆ ಕೂಸಿಗೆ. ಸುದ್ದಿ ತಿಳಿದು ನಾನು ಊರಿಗೆ ಹೋಗಿದ್ದೆ. ಮಣ್ಣು ಮುಗಿಸಿ ಬಂದ ದಿನ ಅಕ್ಕ ನನ್ನ ಕಡೆ ತಿರುಗಿ, “ಆ ನೀರ ನಾನ ತುಂಬಿಟ್ಟಿದ್ದೆ ಗಿರಿಜಾ” ಎಂದಳು. ಆಮೇಲೆ ಆ ಮಾತನ್ನು ನನ್ನೆದುರು ಎಂದೂ ಆಡಲಿಲ್ಲ.

ಅಂದಿನಿಂದ ಅವಳು ತೊಳೆಯತೊಡಗಿದಳು. ಕಾಯಿಪಲ್ಯ, ಪಾತ್ರೆ, ಕೊಡ, ಕೊಡದ ಮುಚ್ಚಳ, ತೊಳೆದ ಕೈ, ಆ ಕೈ ಮುಟ್ಟಿದ ನಳ. ನೀರಿಲ್ಲದ ಊರಲ್ಲಿ ವಾರವೆಲ್ಲ ಬರಬೇಕಾದ ನೀರನ್ನು ಒಂದೇ ಮಧ್ಯಾಹ್ನ ಚೆಲ್ಲಿಬಿಡುವ ಹೆಂಗಸನ್ನು ಓಣಿ ಎಷ್ಟು ದಿನ ಸಹಿಸೀತು? ಮೊದಮೊದಲು ಅಯ್ಯೋ ಎಂದವರು ಆಮೇಲೆ ಬಾಗಿಲಿಗೆ ಬಂದು ಜಗಳಾಡಿದರು. ಅಕ್ಕನ ಗಂಡ ಮಲ್ಲಪ್ಪ ಮಾವ ಮೆತ್ತನೆಯ ಮನುಷ್ಯ. ಅವರೇ ಅವಳನ್ನು ಬಸ್ಸಿನಲ್ಲಿ ಕರೆತಂದು ನಮ್ಮ ಮನೆಯಲ್ಲಿ ಬಿಟ್ಟು, ಹೊರಡುವಾಗ ನನ್ನ ಗಂಡನಿಗೆ ಹೇಳಿದರು: “ಇಲ್ಲೆ ನೀರರ ಅದಾವ ತಮ್ಮಾ. ಆಕಿಗೆ ಯಾರೂ ಬಯ್ಯೂದಿಲ್ಲ.”

ಅದು ನಿಜವಾಗಿತ್ತು. ಬೋಗಾದಿಯ ನಮ್ಮ ಬಡಾವಣೆಗೆ ಅಲ್ಲಿಯ ಸಂಘದವರೇ ಕೊಳವೆಬಾವಿಯಿಂದ ನೀರು ಕೊಡುತ್ತಾರೆ. ಮನೆಗೆ ಇಂತಿಷ್ಟೆಂದು ತಿಂಗಳ ಹಣ. ಎಷ್ಟು ಬಳಸಿದಿರಿ ಎಂದು ಯಾರೂ ಕೇಳುವುದಿಲ್ಲ. ಅಕ್ಕ ನಮ್ಮ ಬಚ್ಚಲು ಮನೆಯ ಗೋಡೆ ತೊಳೆದಳು, ಬಾಗಿಲು ತೊಳೆದಳು, ನನ್ನ ಶಾಲೆಯ ಚೀಲವನ್ನು ಪುಸ್ತಕ ತೆಗೆದಿಟ್ಟು ದಿನಾ ತೊಳೆದಳು. ಛಾವಣಿಯ ಟ್ಯಾಂಕು ಬೇಗ ಬೇಗ ಬರಿದಾಗಿ, ಕೆಳಗೆ ಸಂಪಿನ ಮೋಟಾರು ಮತ್ತೆ ಮತ್ತೆ ಹಾಕಬೇಕಾಗುತ್ತಿತ್ತು. ಆ ಸದ್ದು ಕೇಳಿದಾಗಲೆಲ್ಲ ನಾನು ಕುಗ್ಗುತ್ತಿದ್ದೆ.

ಒಂದು ದಿನ ಮಹದೇವಮ್ಮ ಮೇಲೆ ಬಂದರು. ಬಯ್ಯಲಿಕ್ಕೇ ಬಂದಿರಬೇಕು. ಅಕ್ಕ ಹಿತ್ತಿಲ ಕಡೆಯ ಕಟ್ಟೆಯ ಮೇಲೆ ಸೊಪ್ಪನ್ನು ಎಲೆ ಎಲೆ ಬಿಡಿಸಿ ಉಜ್ಜುತ್ತಿದ್ದಳು. ಅವಳ ಕೈ ಬೇಸಗೆಯ ಕೆರೆಯ ನೆಲದ ಹಾಗೆ ಬಿರಿದು, ಗೆಣ್ಣುಗಳ ಹತ್ತಿರ ರಕ್ತ ಒಸರುತ್ತಿತ್ತು. ಮಹದೇವಮ್ಮ ನಿಂತು ನೋಡಿ, ನೀರಿನ ಮಾತೆತ್ತದೆ ಇಳಿದುಹೋದರು. ಮಾರನೆಯ ದಿನ ಅಕ್ಕನನ್ನು ಕೆಳಗೆ ಕರೆದು, ಯಜಮಾನರ ಅಂಗಡಿಯಿಂದ ತರಿಸಿದ ಯಾವುದೋ ಎಣ್ಣೆಯನ್ನು ಅವಳ ಕೈಗೆ ಹಚ್ಚಿ, ಅದು ಇಂಗುವ ತನಕ ಎರಡೂ ಅಂಗೈಯನ್ನು ತಮ್ಮ ಮಡಿಲಲ್ಲಿ ಹಿಡಿದು ಕೂತರು. ಆಮೇಲೆ ಅದೇ ರೂಢಿಯಾಯಿತು. ಇಬ್ಬರೂ ಮಧ್ಯಾಹ್ನ ಬಾಗಿಲಲ್ಲಿ ಕೂರುತ್ತಿದ್ದರು. ಒಬ್ಬರ ಮಾತು ಇನ್ನೊಬ್ಬರಿಗೆ ಅರ್ಧ ತಿಳಿಯುತ್ತಿರಲಿಲ್ಲ. ಆದರೂ ಆ ಹೊತ್ತಿನಲ್ಲಿ ಮೋಟಾರು ಓಡುತ್ತಿರಲಿಲ್ಲ.

ನಗರದ ದೊಡ್ಡ ಆಸ್ಪತ್ರೆಗೂ ಕರೆದುಕೊಂಡು ಹೋದೆವು. ಡಾಕ್ಟರಮ್ಮ ಸಮಾಧಾನವಾಗಿ ಕೇಳಿಸಿಕೊಂಡು ಮಾತ್ರೆ ಬರೆದುಕೊಟ್ಟರು. ಇದು ಹಟವಲ್ಲ, ಕಾಯಿಲೆ. ಜಗಳಾಡಿ ನಲ್ಲಿ ಬಂದ್ ಮಾಡಬೇಡಿ, ಅವರೇ ಒಪ್ಪಿ ಸ್ವಲ್ಪ ಸ್ವಲ್ಪವಾಗಿ ಬಿಡಬೇಕು ಎಂದರು. ಮಾತ್ರೆ ತಿಂದರೆ ಅಕ್ಕನಿಗೆ ನಿದ್ದೆ ಬರುತ್ತಿತ್ತು. ಎದ್ದ ಕೂಡಲೇ ಮಾತ್ರೆ ನುಂಗಿದ ಲೋಟ ತೊಳೆಯುತ್ತಿದ್ದಳು.

ಮುಂದಿನ ಬೇಸಗೆಗೆ ಬಡಾವಣೆಯ ಕೊಳವೆಬಾವಿಯಲ್ಲಿ ನೀರು ಇಳಿಯಿತು. ಸಂಘದವರು ಸಭೆ ಸೇರಿ ತೀರ್ಮಾನ ಮಾಡಿದರು: ಬೇಕೆನ್ನುವ ಮನೆಯವರು ಮೀಟರು ಹಾಕಿಸಿಕೊಳ್ಳಬಹುದು, ಬಳಸಿದಷ್ಟಕ್ಕೆ ಕೊಡಬಹುದು. ಬೇಡವೆನ್ನುವವರು ಮೊದಲಿನಂತೆಯೇ ತಿಂಗಳ ಹಣ ಕೊಡಬೇಕು, ಆದರೆ ಅದು ಹೆಚ್ಚುತ್ತದೆ. ಒಂದು ಕಟ್ಟಡದಲ್ಲಿ ಮೀಟರು ಬಂದರೆ ಪ್ರತಿ ಸಂಸಾರಕ್ಕೂ ಬೇರೆ ಬೇರೆ ಮೀಟರು.

ಆ ಸುದ್ದಿಯನ್ನು ಮಹದೇವಮ್ಮ ತಾವೇ ಮೇಲೆ ಬಂದು ಹೇಳಿದರು. ಕೆಳಗೆ ಅವರು ಇಬ್ಬರೇ. ಆ ರಸ್ತೆ ತೊಳೆಯುವುದನ್ನೂ ಬಾವಿಯ ನೀರು ಇಳಿದ ಮೇಲೆ ನಿಲ್ಲಿಸಿದ್ದರು. ಮೀಟರು ಹಾಕಿಸಿದರೆ ಅವರಿಗೆ ಲಾಭವೆಂಬುದು ಎಲ್ಲರಿಗೂ ಗೊತ್ತಿತ್ತು. ಯಜಮಾನರು ಹಾಕಿಸೋಣ ಎನ್ನುತ್ತಿದ್ದಾರೆಂದೂ ಹೇಳಿದರು. ಆಮೇಲೆ ದನಿ ತಗ್ಗಿಸಿದರು.

“ನಿಮ್ಮಕ್ಕಂಗೆ ತೊಂದ್ರೆ ಆಗೋದಾದ್ರೆ ಬ್ಯಾಡ ಅಂದ್ಬುಡಿ ಕಣಮ್ಮ. ಈಗ ಎಂಗಿದೆಯೋ ಅಂಗೇ ಇರ್ಲಿ. ಯಜಮಾನ್ರಿಗೆ ನಾನು ಏಳ್ಕೋತೀನಿ.”

ಅದಾದ ಕೆಲವು ದಿನಕ್ಕೆ ನಾನು, ನನ್ನ ಗಂಡ ಅಡುಗೆಮನೆಯಲ್ಲಿ ಕೂತು ಮಾತಾಡಿದೆವು. ನನಗೆ ಮೀಟರು ಬೇಕು ಎನ್ನಿಸುತ್ತಿತ್ತು. ಇನ್ನೊಬ್ಬರ ಪಾಲಿನ ನೀರನ್ನು ನಾವು ಚೆಲ್ಲುತ್ತಿದ್ದೇವೆ ಎಂಬ ಸಂಕೋಚ ಒಂದು ಕಡೆ. ನೀರಿಲ್ಲದ ಊರಿಂದ ಬಂದವಳು ನಾನು, ಬಾವಿ ಬತ್ತುವುದು ಎಂದರೇನೆಂದು ಆ ಬಡಾವಣೆಯಲ್ಲಿ ನನಗಿಂತ ಚೆನ್ನಾಗಿ ಯಾರಿಗೂ ಗೊತ್ತಿರಲಿಲ್ಲ. ಇನ್ನೊಂದು ಕಡೆ, ಕಣ್ಣಿಗೆ ಕಾಣುವ ಅಂಕಿ ಇದ್ದರೆ ಅಕ್ಕ ಒಂದು ಹಿಡಿತಕ್ಕೆ ಬರಬಹುದೇನೋ ಎಂಬ ಆಸೆ. ಡಾಕ್ಟರಮ್ಮನನ್ನೂ ಕೇಳಿದ್ದೆ. ನಿಮ್ಮಕ್ಕನೇ ಮನಸಾರೆ ಒಪ್ಪುವುದಾದರೆ ನೋಡಿ ಎಂದಿದ್ದರು.

ಶಿವಾನಂದರು ಒಪ್ಪಲಿಲ್ಲ. ಅವರು ಹೆಚ್ಚು ಮಾತಿನವರಲ್ಲ. ಹೆಚ್ಚಾಗುವ ಹಣವನ್ನು ಕೊಟ್ಟರಾಯಿತು, ಊಟದಲ್ಲಿ ಒಂದು ಪಲ್ಯ ಕಡಿಮೆ ಮಾಡೋಣ ಎಂದರು. ನಾನು ಮತ್ತೆ ಮತ್ತೆ ವಾದಿಸಿದಾಗ ಅವರ ಮುಖ ಕೆಂಪಾಯಿತು.

“ಆಕಿ ಎಷ್ಟ ನೀರ ಚೆಲ್ಲತಾಳ ಅನ್ನೂದನ್ನ ಗ್ವಾಡಿ ಮ್ಯಾಲ ಬರದ ಇಡೂದೇನ ಗಿರಿಜಾ? ಹೋಗೂವಾಗ ಬರೂವಾಗ ಆಕಿ ಅದನ್ನ ನೋಡಬೇಕೇನ?”

ಆಗ ಬಚ್ಚಲಿನಲ್ಲಿ ನೀರಿನ ಸದ್ದು ನಿಂತದ್ದು ಗಮನಕ್ಕೆ ಬಂತು. ಅಕ್ಕ ಒದ್ದೆ ಕೈಯನ್ನು ಸೆರಗಿಗೆ ತಾಗದ ಹಾಗೆ ದೂರ ಹಿಡಿದುಕೊಂಡು ಬಾಗಿಲಲ್ಲಿ ನಿಂತಿದ್ದಳು. ಎಲ್ಲ ಕೇಳಿಸಿಕೊಂಡಿದ್ದಳು.

“ಹಾಕಸ್ರಿ” ಎಂದಳು. “ನಾನೂ ನೋಡತೀನಿ ಎಷ್ಟ ಆಗತೈತಿ ಅಂತ. ನನಗೂ ಗೊತ್ತಾಗಲಿ.”

ಶಿವಾನಂದರು ಏನೋ ಹೇಳಹೊರಟರು. ಅವಳು ತಲೆ ಅಲ್ಲಾಡಿಸಿ, ಆ ಅಮ್ಮ ನನ್ನ ಕೈಗೆ ದಿನಾ ಎಣ್ಣೆ ಹಚ್ಚುತ್ತಾರೆ, ಅವರ ನೀರು ಚೆಲ್ಲಿಕೊಂಡು ಹೇಗೆ ಕೂರಲಿ ಎಂದಳು. ಗೌರಿ ಹೋದ ಮೇಲೆ ಅವಳು ಒಂದು ವಿಷಯವನ್ನು ತಾನಾಗಿ ತೀರ್ಮಾನಿಸಿದ್ದು ಅದೇ ಮೊದಲು.

ಮೆಟ್ಟಿಲ ಪಕ್ಕದ ಗೋಡೆಯ ಪೈಪಿಗೆ ಮೀಟರು ಕೂತಿತು. ಅಂಗೈ ಅಗಲದ್ದು. ಗಾಜಿನ ಕೆಳಗೆ ಅಂಕಿಗಳ ಸಾಲು, ಅದರ ಪಕ್ಕ ನೀರು ಹರಿದರೆ ಗಿರಗಿರನೆ ತಿರುಗುವ ಒಂದು ಪುಟ್ಟ ಕೆಂಪು ಚಕ್ರ. ಮನೆಯೊಳಗೆ ಯಾರು ನಲ್ಲಿ ತಿರುಗಿಸಿದರೂ ಅದಕ್ಕೆ ತಿಳಿಯುತ್ತಿತ್ತು. ಅಕ್ಕ ಮೊದಲ ದಿನ ನನ್ನನ್ನು ಒಳಗೆ ಕಳಿಸಿ ನಲ್ಲಿ ಬಿಡು ಎಂದು, ತಾನು ಮೆಟ್ಟಿಲ ಮೇಲೆ ಕೂತು ಆ ಚಕ್ರವನ್ನೇ ನೋಡಿದಳು. ನಿಲ್ಲಿಸು ಎಂದು ಕೂಗಿದಳು. ನಿಲ್ಲಿಸಿದೆ. ಅವಳು ಎದ್ದು ಬರಲು ಬಹಳ ಹೊತ್ತಾಯಿತು.

ಆಮೇಲೆ ನೀರಿನ ಸದ್ದು ಇಳಿಯುತ್ತ ಬಂತು. ನಾವು ಹಿಗ್ಗಿದೆವು. ಮೋಟಾರು ದಿನಕ್ಕೊಮ್ಮೆ ಹಾಕಿದರೆ ಸಾಕಾಗುತ್ತಿತ್ತು. ಮಹದೇವಮ್ಮ ಅಕ್ಕನ ಕೈ ನೋಡಿ, ಗಾಯ ಮಾಗ್ತಾ ಅದೆ ಎಂದರು. ನನ್ನ ಗಂಡ ಕೂಡ, ತಮ್ಮದೇ ತಪ್ಪು ಲೆಕ್ಕಾಚಾರವಾಗಿತ್ತೇನೋ ಎಂದು ಒಂದು ಸಂಜೆ ಒಪ್ಪಿಕೊಂಡರು.

ಆದರೆ ಅಕ್ಕ ತೊಳೆಯುವುದನ್ನು ಬಿಟ್ಟಿರಲಿಲ್ಲ, ನೀರನ್ನು ಬಿಟ್ಟಿದ್ದಳು. ಒಣ ಬಟ್ಟೆಯಿಂದ ಪಾತ್ರೆ ಒರೆಸುತ್ತಿದ್ದಳು, ಇಟ್ಟು ಮತ್ತೆ ತೆಗೆದು ಒರೆಸುತ್ತಿದ್ದಳು. ಸ್ನಾನ ತಪ್ಪಿಸತೊಡಗಿದಳು. ಊಟದ ಜೊತೆ ನೀರು ಕುಡಿಯುತ್ತಿರಲಿಲ್ಲ, ತುಟಿ ಒಡೆದಿತ್ತು. ಯಾಕಕ್ಕ ಎಂದರೆ, ನನ್ನದೇ ಬಹಳ ಆಗತೈತಿ ಎನ್ನುತ್ತಿದ್ದಳು. ನಾನು ಆ ಗಾಜಿನ ಮೇಲೆ ಒಂದು ಬಟ್ಟೆ ಕಟ್ಟಿದೆ. ಅವಳು ಬಿಚ್ಚಿ ಮಡಚಿಟ್ಟಳು.

ಒಂದು ದಿನ ಶಾಲೆಯಿಂದ ಬರುವಾಗ ಮಹದೇವಮ್ಮ ಗೇಟಿನಲ್ಲೇ ನನ್ನನ್ನು ನಿಲ್ಲಿಸಿ, ಅಕ್ಕ ಕೆಲವು ದಿನಗಳಿಂದ ಮಧ್ಯಾಹ್ನ ತಮ್ಮ ಹತ್ತಿರ ಕೂರುತ್ತಿಲ್ಲ, ಬಿಂದಿಗೆ ಹಿಡಿದು ಎಲ್ಲೋ ಹೋಗುತ್ತಾಳೆ ಎಂದರು. ಹುಡುಕಿಕೊಂಡು ಹೋದೆ. ಹಿಂದಿನ ರಸ್ತೆಯ ಕೊನೆಯಲ್ಲಿ ದೊಡ್ಡ ಕಟ್ಟಡವೊಂದು ಏಳುತ್ತಿತ್ತು. ಅದರ ಪಕ್ಕ ಕೂಲಿಯವರ ತಗಡಿನ ಶೆಡ್ಡುಗಳು, ಇಟ್ಟಿಗೆಗೆ ನೀರುಣಿಸಲು ಕಟ್ಟಿದ ಸಿಮೆಂಟಿನ ತೊಟ್ಟಿ. ಆ ತೊಟ್ಟಿಗೆ ಮೀಟರು ಇರಲಿಲ್ಲ. ಅಕ್ಕ ಅಲ್ಲಿ ಕೂತು ಯಾರ ಯಾರದೋ ತಪ್ಪೇಲಿ, ಪಾತ್ರೆ ತೊಳೆಯುತ್ತಿದ್ದಳು. ಅವಳ ಸುತ್ತ ಮೂರು ನಾಲ್ಕು ಹೆಂಗಸರು. ಎಲ್ಲರೂ ನಮ್ಮ ಕಡೆಯವರು, ಯಾದಗಿರಿ, ಸುರಪುರದ ಬದಿಯಿಂದ ಗಾರೆ ಕೆಲಸಕ್ಕೆ ಬಂದವರು. ಅವರಲ್ಲಿ ಹನುಮವ್ವ ಎಂಬವಳು ಏನೋ ಹೇಳಿದಳು. ಅಕ್ಕ ತಲೆ ಹಿಂದಕ್ಕೆ ಹಾಕಿ ನಕ್ಕಳು.

ನಾನು ಮರಳಿನ ರಾಶಿಯ ಈಚೆ ನಿಂತೆ. ನಮ್ಮ ಮನೆಯಲ್ಲಿ ಅವಳು ಅಷ್ಟು ತಿಂಗಳಿದ್ದರೂ ನಕ್ಕಿರಲಿಲ್ಲ. ನಾನು ಮನೆಯಲ್ಲಿ ನಮ್ಮ ಮಾತೇ ಆಡುತ್ತಿದ್ದೇನೆ ಎಂದುಕೊಂಡಿದ್ದೆ. ಆದರೆ ಹನುಮವ್ವನ ಮಾತು ಕೇಳಿದ ಮೇಲೆ, ನನ್ನ ಮಾತಿಗೆ ಮೈಸೂರಿನ ಬಣ್ಣ ಹತ್ತಿಬಿಟ್ಟಿದೆ ಎಂದು ತಿಳಿಯಿತು, ಆ ಗಿರಣಿಯ ಹಿಟ್ಟಿಗೆ ರಾಗಿ ಹತ್ತಿದಂತೆ. ಅಕ್ಕನನ್ನು ಕರೆಯದೆ ಹಿಂತಿರುಗಿದೆ.

ಅವಳು ಅಲ್ಲಿ ಬರೀ ತೊಳೆಯುತ್ತಿರಲಿಲ್ಲ. ಶೆಡ್ಡಿನ ಮಕ್ಕಳು ಕುಡಿಯುವ ಡ್ರಮ್ಮಿಗೆ ತಟ್ಟೆ ಮುಚ್ಚಿ ಕಲ್ಲು ಹೇರುತ್ತಿದ್ದಳಂತೆ. ಅವರ ಒಲೆಯ ಮೇಲೆ ನೀರು ಕಾಯಿಸಿ, ಆರಿಸಿ, ಬಟ್ಟೆಯಲ್ಲಿ ಸೋಸಿ ಕೊಡುತ್ತಿದ್ದಳಂತೆ. ಗೌರಿಯ ವಿಷಯವನ್ನೂ ಅವರಿಗೆ ಹೇಳಿದ್ದಳು. ನನಗೆ ಎರಡನೆಯ ಸಲ ಹೇಳದ ಮಾತನ್ನು ಅವರ ಹತ್ತಿರ ಕೂತು ಪೂರ್ತಿ ಹೇಳಿದ್ದಳು. ಇದನ್ನೆಲ್ಲ ಹನುಮವ್ವ ನನಗೆ ಹೇಳಿದ್ದು ಆಸ್ಪತ್ರೆಯ ಬಾಗಿಲಲ್ಲಿ.

ಯಾಕೆಂದರೆ ಮಳೆ ಶುರುವಾದ ವಾರ ಹನುಮವ್ವನ ಮಗಳಿಗೆ ವಾಂತಿ ಭೇದಿ ಹತ್ತಿತು. ಅಕ್ಕ ಎಷ್ಟು ಕಾದರೂ ಮಕ್ಕಳು ಮಕ್ಕಳೇ. ಎಲ್ಲೋ ಏನೋ ಕುಡಿದಿರಬೇಕು. ನಾನು ಮನೆಯಲ್ಲಿದ್ದೆ, ರಜೆಯ ದಿನ. ಅಕ್ಕ ಆ ಕೂಸನ್ನು ಹೆಗಲಿಗೆ ಹಾಕಿಕೊಂಡು ಚಪ್ಪಲಿಯಿಲ್ಲದೆ ಓಡಿಬಂದು ನಮ್ಮ ಗೇಟಿನಲ್ಲಿ ನಿಂತು ನನ್ನ ಹೆಸರು ಹಿಡಿದು ಕೂಗಿದಳು. ಹಿಂದೆಯೇ ಹನುಮವ್ವ. ಮಹದೇವಮ್ಮ ಆಟೋ ನಿಲ್ಲಿಸಿದರು. ಅಕ್ಕನ ಸೀರೆಯ ಮೇಲೆಲ್ಲ ಆ ಮಗುವಿನ ವಾಂತಿ. ಅವಳು ಅದನ್ನು ಒಮ್ಮೆಯೂ ಒರೆಸಿಕೊಳ್ಳಲಿಲ್ಲ. ದಾರಿಯುದ್ದಕ್ಕೂ ನಾನು ಕಲಸಿ ತಂದ ಉಪ್ಪು ಸಕ್ಕರೆಯ ನೀರಿನಲ್ಲಿ ಬೆರಳು ಅದ್ದಿ ಅದ್ದಿ ಅದರ ತುಟಿಗೆ ಸವರುತ್ತಿದ್ದಳು.

ಮಗು ಉಳಿಯಿತು. ಮೂರನೆಯ ದಿನ ಹಾಸಿಗೆಯಲ್ಲಿ ಎದ್ದು ಕೂತು ಬ್ರೆಡ್ಡು ಬೇಕೆಂದಿತು. ನರ್ಸು ಅಕ್ಕನ ಕಡೆ ಕೈ ತೋರಿಸಿ, ಹೊತ್ತಿಗೆ ಸರಿಯಾಗಿ ತಂದಿರಿ ಅಮ್ಮ ಎಂದರು. ನಾನು ಅಂದುಕೊಂಡೆ, ಈಗ ಅಕ್ಕ ಗೆದ್ದಳು, ಇನ್ನು ಅವಳ ಮನಸ್ಸು ಹಗುರಾಗುತ್ತದೆ ಎಂದು. ಅಕ್ಕ ಆ ಮಗುವಿನ ತಲೆ ಸವರಿ ಹೊರಗೆ ಬಂದು ಬೆಂಚಿನ ಮೇಲೆ ಕೂತಳು. ನಾನು ಪಕ್ಕದಲ್ಲಿ ಕೂತೆ.

“ನಾ ಊರಿಗೆ ಹೊಕ್ಕೀನಿ ಗಿರಿಜಾ.”

ಯಾಕೆ, ಇಲ್ಲಿ ಎಲ್ಲ ಸರಿಹೋಗುತ್ತಿದೆಯಲ್ಲ, ಡಾಕ್ಟರಮ್ಮ ಇದ್ದಾರೆ, ಮಹದೇವಮ್ಮ ಇದ್ದಾರೆ, ಬೇಕಾದರೆ ಆ ಮೀಟರು ತೆಗೆಸಿಬಿಡೋಣ ಎಂದು ನಾನು ಒಂದೇ ಉಸಿರಿಗೆ ಹೇಳಿದೆ.

“ಮೀಟರಿಂದ ಏನಿಲ್ಲ” ಎಂದಳು. ಒಳಗೆ ಆ ಮಗು ಅವ್ವಾ ಎಂದು ಕೂಗಿದ್ದು ಕೇಳಿಸಿತು. ಹನುಮವ್ವ ಓಗೊಟ್ಟಳು. ಅಕ್ಕ ಅದನ್ನು ಕೇಳಿಸಿಕೊಂಡು ಆಮೇಲೆ ಹೇಳಿದಳು: “ನನ್ನ ಕೂಸು ಅಲ್ಲೆ ಒಬ್ಬಾಕಿನ ಐತಿ.”

ಮಲ್ಲಪ್ಪ ಮಾವ ಬಂದು ಕರೆದುಕೊಂಡು ಹೋದರು. ಹೊರಡುವ ದಿನ ಮಹದೇವಮ್ಮ ಎಣ್ಣೆಯ ಸೀಸೆಯನ್ನು ಬಟ್ಟೆಯಲ್ಲಿ ಸುತ್ತಿ ಕೊಟ್ಟರು. ಅಕ್ಕ ಅವರ ಕಾಲಿಗೆ ಬಿದ್ದು ಏನೋ ಹೇಳಿದಳು. ನಮ್ಮ ಮಾತಿನಲ್ಲಿ ಬೇಗ ಬೇಗ ಹೇಳಿದ್ದರಿಂದ ಅವರಿಗೆ ಅರ್ಥವಾಗಿರಲಿಕ್ಕಿಲ್ಲ. ಆದರೂ ಊಂ ಕಣಮ್ಮ, ಊಂ ಎನ್ನುತ್ತ ಅವಳ ಬೆನ್ನು ಸವರಿದರು.

ಈಗ ನಮ್ಮ ಮೀಟರು ಎಲ್ಲರಿಗಿಂತ ಕಡಿಮೆ ತೋರಿಸುತ್ತದೆ. ಸಂಘದವರು ಒಮ್ಮೆ ಸಭೆಯಲ್ಲಿ ನಮ್ಮ ಮನೆಯನ್ನು ಹೊಗಳಿದರಂತೆ. ಶಿವಾನಂದರು ಅದನ್ನು ನನಗೆ ಹೇಳಲಿಲ್ಲ, ಮಹದೇವಮ್ಮ ಹೇಳಿದರು. ಹೇಳಿ, ಹೇಳಬಾರದಿತ್ತೇನೋ ಎಂಬಂತೆ ಗೇಟಿನ ಕಡೆ ತಿರುಗಿದರು. ಹಿಂದಿನ ರಸ್ತೆಯ ಕಟ್ಟಡ ಮುಗಿದು ಶೆಡ್ಡುಗಳನ್ನು ಕಿತ್ತರು. ಹನುಮವ್ವ ಯಾವ ಊರಿಗೆ ಹೋದಳೋ ಗೊತ್ತಿಲ್ಲ. ಈಗ ಅಲ್ಲಿ ಕಾಲೇಜು ಹುಡುಗಿಯರು ಬಾಡಿಗೆಗಿದ್ದಾರೆ.

ದಸರೆಗೆ ಲೋಕವೆಲ್ಲ ಮೈಸೂರಿಗೆ ಬರುತ್ತದೆ. ನಾವು ಶಾಲೆಯ ರಜೆಯೆಂದು ಊರಿಗೆ ಹೊರಡುತ್ತೇವೆ. ಹೋದ ವರ್ಷವೂ ಹೋದೆವು. ಓಣಿಯಲ್ಲಿ ಸಿಕ್ಕವರೆಲ್ಲ, ನಿಮ್ಮೂರಿಗೆ ವಾಪಸ್ ಯಾವಾಗ ಎಂದು ಕೇಳಿದರು. ನಿಮ್ಮೂರು ಎಂದರೆ ಮೈಸೂರು. ಮೈಸೂರಿನಲ್ಲಿ ನಿಮ್ಮೂರು ಎಂದರೆ ಇದು. ಇಬ್ಬರೂ ತಪ್ಪು ಹೇಳುತ್ತಿಲ್ಲ, ಅದೇ ಕಷ್ಟ.

ಅಕ್ಕ ಮೊದಲಿಗಿಂತ ಮೇಲು. ಜಿಲ್ಲಾ ಆಸ್ಪತ್ರೆಗೆ ಹೋಗಿ ಮಾತ್ರೆ ತರುತ್ತಾಳೆ. ಓಣಿಯವರು ಈಗ ಜಗಳಾಡುವುದಿಲ್ಲ. ಕೈಯಲ್ಲಿ ಹೊಸ ಗಾಯಗಳು ಇದ್ದವು, ಆದರೆ ಕಡಿಮೆ. ಸಂಜೆ ಗೌರಿಯನ್ನು ಮಣ್ಣು ಮಾಡಿದ ಹೊಲದ ಬದುವಿಗೆ ಹೋಗಿ ಕೂತು ಬರುತ್ತಾಳೆ. ನಾನೂ ಒಮ್ಮೆ ಜೊತೆಗೆ ಹೋದೆ.

ನಾವು ಹೊರಡುವ ಹಿಂದಿನ ದಿನ ಮಧ್ಯಾಹ್ನ ಉಣ್ಣಲು ಕೂತಿದ್ದೆವು. ಅಕ್ಕ ತನ್ನ ರೊಟ್ಟಿ ಮುಗಿಸಿ ಎದ್ದು, ಮೂಲೆಯ ಗಡಿಗೆಯಿಂದ ಕಾಯಿಸದ ನಳದ ನೀರು ತೆಗೆದು ಗಟಗಟ ಕುಡಿದಳು. ನನಗೆ ಬೇರೆ ಪಾತ್ರೆಯಿಂದ ಕೊಟ್ಟಳು. ಅದು ಕಾಯಿಸಿ ಆರಿಸಿದ್ದು, ಹೊಗೆಯ ವಾಸನೆಯಿತ್ತು. ಬಂದ ದಿನದಿಂದಲೂ ನನಗೆ, ನನ್ನ ಗಂಡನಿಗೆ ಅದನ್ನೇ ಕೊಡುತ್ತಿದ್ದಾಳೆಂಬುದು ಆಗ ಹೊಳೆಯಿತು. ನಾನು ಹುಟ್ಟಿದಾಗಿನಿಂದ ಕುಡಿದು ಬೆಳೆದದ್ದು ಅದೇ ಗಡಿಗೆಯಂಥ ಗಡಿಗೆಯ ನೀರು.

“ನನಗೂ ಅದರಾಗಿಂದ ಕೊಡಕ್ಕ” ಎಂದೆ.

“ಬ್ಯಾಡ. ನಿನಗ ಈಗ ಒ‌ಗ್ಗೂದಿಲ್ಲ.”

“ಮತ್ತ ನೀ ಕುಡಿಯಾಕತ್ತಿ?”

“ನಂದೇನೈತಿ” ಎಂದಳು, ಗಡಿಗೆಯ ಮೇಲೆ ತಟ್ಟೆ ಮುಚ್ಚುತ್ತ.

ನಾನು ಲೋಟ ಹಿಡಿದು ಕೂತೆ. ಅಕ್ಕ ನನ್ನೆದುರು ಕುಕ್ಕರುಗಾಲಲ್ಲಿ ಕೂತು, ಮಗು ಮಾತ್ರೆ ನುಂಗಿತೋ ಇಲ್ಲವೋ ಎಂದು ತಾಯಿ ನೋಡುವ ಹಾಗೆ ನನ್ನ ಬಾಯನ್ನೇ ನೋಡುತ್ತಿದ್ದಳು. ಅವಳಿಗಾಗಿ ನಾನು ಪರಸ್ಥಳದವರಿಗೆಂದು ಇಟ್ಟ ಆ ನೀರನ್ನು ಒಂದು ಹನಿ ಬಿಡದೆ ಕುಡಿದೆ.